ತೋರಿಸುವ ಬಾಟಲಿ

ಜೂನ್ 2

ಅಕ್ಕನಿಗೆ,

ಈ ಪತ್ರದಲ್ಲಿ ಒಂದು ಮಾತನ್ನು ಹೇಳದೆ ಬಿಡುವವಳಿದ್ದೆ. ಮೊದಲು ಬರೆದ ಹಾಳೆಯಲ್ಲಿ ಬಿಟ್ಟೂ ಇದ್ದೆ. ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಐದನೇ ತಾರೀಖು ಆ ಆಸ್ಪತ್ರೆಯಲ್ಲಿ ನಿನ್ನ ನಾಲಿಗೆಗೆ ಹಚ್ಚುವ ಔಷಧ ತಯಾರಾದದ್ದು ನನ್ನ ಮೇಜಿನ ಮೇಲೆ.

ನಾನು ‘ಯಾವುದೋ ಪ್ಲಾಸ್ಟಿಕ್’ ಮಾಡುತ್ತೇನೆ ಎಂದು ನೀನು ಎಲ್ಲರಿಗೂ ಹೇಳುತ್ತೀಯ. ಪೂರ್ತಿ ತಪ್ಪೇನಲ್ಲ. ಪಾಲಿಮರ್ ಎಂದರೆ ಒಂದಕ್ಕೊಂದು ಪೋಣಿಸಿದ ಅಣುಗಳ ಉದ್ದನೆಯ ಸರ. ನಮ್ಮ ಸರಕ್ಕೆ ನೀಲಿ ಬೆಳಕು ಬಿದ್ದರೆ ಅದು ಕೆಂಪಗೆ ಹೊಳೆಯುತ್ತದೆ. ಕೆಟ್ಟ ಜೀವಕೋಶಗಳು ಅದನ್ನು ಒಳ್ಳೆಯವುಗಳಿಗಿಂತ ಹೆಚ್ಚು ಹೀರಿಕೊಳ್ಳುತ್ತವೆ. ಹಚ್ಚಿ, ನಾಲ್ಕು ಗಂಟೆ ಬಿಟ್ಟು, ನೀಲಿ ದೀಪದಲ್ಲಿ ಚಿತ್ರ ತೆಗೆದರೆ ಹುಣ್ಣು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು, ನೀನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಗೆರೆಯಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಗೆರೆ ಸಿಕ್ಕ ಮೇಲೆ ಅದೇ ಬೆಳಕನ್ನು ಜೋರಾಗಿ, ಹೆಚ್ಚು ಹೊತ್ತು ಬಿಡುತ್ತಾರೆ. ಆಗ ಪಾಲಿಮರ್ ಸುತ್ತಲಿನ ಆಮ್ಲಜನಕವನ್ನು ಕೆರಳಿಸಿ ಆ ಕೋಶಗಳನ್ನು ಕೊಲ್ಲುತ್ತದೆ. ಕತ್ತರಿ ಬೇಡ. ನಿನ್ನ ನಾಲಿಗೆ ಪೂರ್ತಿಯಾಗಿ ನಿನ್ನ ಬಾಯಲ್ಲೇ ಇರುತ್ತದೆ.

ಮೂರು ವಾರ ಮಬ್ಬು ಕೋಣೆಯಲ್ಲಿರಬೇಕು. ಫೋನಿನ ಪರದೆಯ ಬೆಳಕೂ ಬೇಡ, ಮಾತೂ ಬೇಡ. ಆದ್ದರಿಂದ ಇನ್ನು ಕಾಗದವೇ ಗತಿ. ಕನ್ನಡ ಬರೆಯುವ ಅಭ್ಯಾಸ ತಪ್ಪಿದ ಕೈ, ಅಕ್ಷರ ನೋಡಿ ನಗಬೇಡ.

ಇನ್ನೊಂದು ವಿಷಯ. ನಾನು ನಿನ್ನ ತಂಗಿ ಎಂದು ಅಲ್ಲಿ ಹೇಳಬೇಡ. ನಿಯಮವೇನೂ ಅಡ್ಡ ಬರುವುದಿಲ್ಲ. ಆದರೆ ಡಾಕ್ಟರು ನಿನ್ನನ್ನು ಬೇರೆಯ ಕಣ್ಣಿನಿಂದ ನೋಡಿಯಾರು.

ಜೊತೆಗೆ ಒಂದು ಫೋಟೋ ಇಟ್ಟಿದ್ದೇನೆ. ಮಾರ್ಚಿನಲ್ಲಿ ನಮ್ಮ ಸಂಸ್ಥೆಗೆ ಅತಿಥಿಗಳು ಬಂದಾಗ ತೆಗೆದದ್ದು. ನನ್ನ ಕೈಯಲ್ಲಿರುವುದೇ ಆ ಔಷಧ. ಕೆಂಪು ಹೇಗಿದೆ ನೋಡು.

ನಿನ್ನ ತಂಗಿ


ಜೂನ್ 7

ಪಂಡಿತೆಗೆ,

ನಿನ್ನ ಕಾಗದ ಬಂತು. ನೀನು ಮಾಡಿದ ಔಷಧ ಅಂತ ಗೊತ್ತಾದ ಮೇಲೆ ಧೈರ್ಯ ಬರಬೇಕಿತ್ತು. ನೀನು ಮಾಡಿದ ಸಾರು ನೆನಪಾಗಿ ಎರಡು ಲೋಟ ನೀರು ಕುಡಿದೆ.

ನನ್ನದು ಓಣಿಯ ಕೊನೆಯ ಕೋಣೆ. ಫೋಟೋ ತೊಳೆಯುವ ಅಂಗಡಿಯಲ್ಲಿ ಇರುತ್ತಿತ್ತಲ್ಲ, ಅಂಥದ್ದೊಂದು ಮಂದ ಬಲ್ಬು. ಕಿಟಕಿಗೆ ಎರಡು ಪದರದ ಕಪ್ಪು ಪರದೆ. ಹೊಲಿಗೆ ಮಾತ್ರ ದರಿದ್ರ, ಅಂಚು ಮಡಚಿದವರಿಗೆ ಕೈ ಇತ್ತೋ ಕಾಲಿತ್ತೋ. ಫೋನು, ಕತ್ತರಿ ಎಲ್ಲ ಕಸಿದುಕೊಂಡರು. ಸೂಜಿಡಬ್ಬಿ ಮಾತ್ರ ಬಿಟ್ಟರು. ಮಾತಿಗೆ ಒಂದು ಸ್ಲೇಟು ಕೊಟ್ಟಿದ್ದಾರೆ. ನಿನ್ನ ಭಾವ ಬಂದು ಒಂದು ಗಂಟೆ ಕೂತು ಹೋದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಬೈಸಿಕೊಳ್ಳದೆ ಹೋದರಲ್ಲ, ಮುಖ ಸಪ್ಪಗಾಗಿತ್ತು.

ಐದನೇ ತಾರೀಖು ಹಚ್ಚಿದರು. ಮೇಲೆ ಹತ್ತಿ ತುರುಕಿ, ನಾಲ್ಕು ಗಂಟೆ ತುಟಿ ಬಿಚ್ಚಬಾರದು ಅಂದರು. ಬಿಚ್ಚಲಿಲ್ಲ. ಆಮೇಲೆ ಚಿತ್ರ ತೆಗೆಯುವವನು ಬಂದ. ಕತ್ತಲಲ್ಲೇ ಕೆಲಸ, ದಪ್ಪ ಕನ್ನಡಕ, ಅವನಿಗೆ ನಾನು ಗೂಬೆ ಅಂತ ಹೆಸರಿಟ್ಟಿದ್ದೇನೆ. ಒಂದು ಚಿತ್ರ ತೆಗೆದ. ಇನ್ನೊಂದು ತೆಗೆದ. ಮೂರನೆಯದಕ್ಕೆ ಡಾಕ್ಟರನ್ನು ಕರೆದ. ಇಬ್ಬರೂ ಬೆನ್ನು ತಿರುಗಿಸಿ ಗುಸುಗುಸು ಮಾಡಿದರು. ನನಗೆ ಕೇಳಿಸಿದ್ದು ಒಂದೇ ಪದ, ‘ಮಂಕು’.

ಆಮೇಲೆ ಡಾಕ್ಟರು ವಾರ್ಡ್ ಸಿಸ್ಟರನ್ನು ಕೇಳಿದರು, “ಪರದೆ ಯಾರಾದ್ರೂ ಸರಿಸಿದ್ರಾ?”

“ನಾನಂತೂ ಮುಟ್ಟಿಲ್ಲ ಸರ್,” ಅಂದು ಆಕೆ ನನ್ನ ಕಡೆ ನೋಡಿದಳು.

ನಿನ್ನೆಯಿಂದ ಪರದೆಯ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಬಿದ್ದಿದೆ. ಕಳ್ಳಿಗೆ ಕಾವಲು. ಇವರು ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ. ಮಂಕು ಅಂದರೆ ಒಳ್ಳೆಯದೋ ಕೆಟ್ಟದ್ದೋ, ನೀನಾದರೂ ನೆಟ್ಟಗೆ ಬರಿ.

ನಿನ್ನ ಫೋಟೋ ಈ ಮಬ್ಬಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಹಲ್ಲು ಮಾತ್ರ ಕಾಣುತ್ತೆ. ನಿನ್ನ ಮದುವೆಯಲ್ಲೂ ನೀನು ಇಷ್ಟು ನಕ್ಕಿರಲಿಲ್ಲ.

ಅಕ್ಕ


ಜೂನ್ 11

ಅಕ್ಕನಿಗೆ,

ಮಂಕು ಎಂದರೆ ಹೊಳಪು ಕಡಿಮೆ ಎಂದಷ್ಟೇ. ನಿನ್ನ ಹುಣ್ಣು ಬೆಳೆದಿದೆ ಎಂದಲ್ಲ. ಮೊದಲ ಸಲ ಹಾಗಾಗುವುದಕ್ಕೆ ಹತ್ತು ಕಾರಣಗಳಿರುತ್ತವೆ. ಅವರ ದೀಪ ಹಳೆಯದಾಗಿರಬಹುದು. ಕ್ಯಾಮೆರಾದ ಗಾಜು ಒರೆಸಿರಲಿಕ್ಕಿಲ್ಲ. ಆ ಚಿತ್ರ ತೆಗೆಯುವವನು ಹೊಸಬನೇ? ಇಂಥ ಕಡೆ ಯಂತ್ರಗಳನ್ನು ಕೊಂಡಷ್ಟು ಉತ್ಸಾಹದಿಂದ ಯಾರೂ ನೋಡಿಕೊಳ್ಳುವುದಿಲ್ಲ. ಅವರು ಬೆನ್ನು ತಿರುಗಿಸಿ ಮಾತಾಡಿದ್ದು ನನಗೂ ಸರಿ ಕಾಣಲಿಲ್ಲ. ನೀನು ಎಚ್ಚರದಿಂದಿದ್ದು, ಕಂಡದ್ದನ್ನೆಲ್ಲ ಬರೆದು ಕಳಿಸು.

ಪರದೆಯ ವಿಷಯದಲ್ಲಿ ಬೇಸರ ಮಾಡಿಕೊಳ್ಳಬೇಡ. ಅದು ಅವರು ಕೇಳಲೇಬೇಕಾದ ಪ್ರಶ್ನೆ.

ಒಂದು ಸಣ್ಣ ವಿಷಯ. ನಿನಗೆ ಹಚ್ಚುವ ಬಾಟಲಿಯ ಚೀಟಿಯ ಮೇಲೆ ಒಂದು ಸಂಖ್ಯೆ ಇರುತ್ತದೆ, ನಡುವೆ ಅಡ್ಡಗೆರೆ. ಮುಂದಿನ ಸಲ ತಟ್ಟೆಯಲ್ಲಿ ಕಂಡರೆ ಬರೆದುಕೋ. ಅಂಥ ಮುಖ್ಯವೇನಲ್ಲ. ಸುಮ್ಮನೆ.

ತಂಗಿ


ಜೂನ್ 15

ಪಂಡಿತೆಗೆ,

ಸಂಖ್ಯೆ 7–14. ಸುಮ್ಮನೆ ಕೇಳಿದೆಯಲ್ಲ, ಸುಮ್ಮನೆ ಹೇಳುತ್ತಿದ್ದೇನೆ.

ನಿನಗೆ ಎಂಟು ವರ್ಷ ಇದ್ದಾಗ ಅಪ್ಪನ ರೇಡಿಯೋ ಕೆಟ್ಟುಹೋಗಿತ್ತು. ನೀನು ಕೈಕಟ್ಟಿ ನಿಂತು ಕೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತೆ, “ಅಪ್ಪಾ, ರೇಡಿಯೋ ಎಷ್ಟು ಥರ ಕೆಡುತ್ತೆ?” ಅದನ್ನು ಬಿಚ್ಚಿದವಳು ನೀನೇ. ಏಟು ತಿಂದದ್ದು ಯಾರು ಅಂತ ಬೇರೆ ಬರೆಯಬೇಕಾ? ಅವತ್ತಿನಿಂದ ನನಗೆ ಗೊತ್ತು, ಉತ್ತರ ಗೊತ್ತಿದ್ದಾಗ ಮಾತ್ರ ನೀನು ಪ್ರಶ್ನೆ ಕೇಳುವುದು.

ಹನ್ನೆರಡನೇ ತಾರೀಖು ಎರಡನೇ ಸಲ ಹಚ್ಚಿದರು. ಅದೇ ಬಾಟಲಿ. ಒಬ್ಬ ರೋಗಿಗೆ ಒಂದು, ಮೂರು ಸಲಕ್ಕಾಗುವಷ್ಟು ಇರುತ್ತಂತೆ. ಮತ್ತೆ ಮಂಕು. ಗೂಬೆ ಪಾಪದವನು ಅನಿಸುತ್ತೆ. ಎರಡು ದೀಪ ಬದಲಾಯಿಸಿದ, ಗಾಜನ್ನು ನನ್ನೆದುರೇ ಒರೆಸಿದ. ಇಪ್ಪತ್ತು ವರ್ಷದ ಕೈಯಂತೆ, ಹೊಸಬನಲ್ಲ. ಕೊನೆಗೆ, ಬಾಟಲಿಗೇ ದೀಪ ಹಿಡಿದು ನೋಡಬಹುದಲ್ಲ ಸರ್ ಅಂದ. ಡಾಕ್ಟರು ಔಷಧದ ಜೊತೆ ಬಂದ ಪುಸ್ತಕ ತೆಗೆದು ತೋರಿಸಿ, ಹಾಗೆ ಮಾಡಬಾರದು ಅಂತ ಬರೆದಿದೆ ಅಂದರು. ಯಾಕೆ ಮಾಡಬಾರದು?

ನಾನು ಸ್ಲೇಟಿನ ಮೇಲೆ ಬರೆದು ಕೇಳಿದೆ, ಮುಂದೇನು ಅಂತ. ಡಾಕ್ಟರು ಮಂಚದ ತುದಿಯಲ್ಲಿ ಕೂತರು. ಡಾಕ್ಟರು ಕೂತರೆ ಸುದ್ದಿ ಒಳ್ಳೆಯದಲ್ಲ ಅಂತ ಇಷ್ಟರಲ್ಲಿ ಕಲಿತಿದ್ದೇನೆ.

“ಮೂರನೇ ಸಲಾನೂ ಹೀಗೇ ಆದ್ರೆ ಬೆಳಕಿನ ಚಿಕಿತ್ಸೆ ಆಗಲ್ಲಮ್ಮ. ಗೆರೆ ಕಾಣದೆ ಎಲ್ಲಿ ಸುಡಲಿ? ಆಪರೇಷನ್ನೇ ದಾರಿ.”

ನಾಲಿಗೆ ಎಷ್ಟು ಹೋಗುತ್ತೆ ಅಂತ ಬರೆದೆ. ಮೂರರಲ್ಲಿ ಒಂದು ಪಾಲು ಅಂದರು. ಮೂರರಲ್ಲಿ ಒಂದು ಪಾಲು ಬಟ್ಟೆ ಹೋದರೆ ಅಂಗಿಗೆ ಅಂತ ತಂದದ್ದರಲ್ಲಿ ಕರವಸ್ತ್ರ ಹೊಲಿಯಬೇಕು. ನನ್ನ ಹೊಲಿಗೆ ಕ್ಲಾಸಿನಲ್ಲಿ ಇಪ್ಪತ್ತೆರಡು ಹುಡುಗಿಯರಿದ್ದಾರೆ. ಅವರು ನನ್ನ ಕೈ ನೋಡಿ ಕಲಿಯುವುದಿಲ್ಲ, ನನ್ನ ಬಾಯಿ ಕೇಳಿ ಕಲಿಯುತ್ತಾರೆ. ಇದು ನಿನಗೆ ಗೊತ್ತು.

ಅಕ್ಕ


ಜೂನ್ 18

ಅಕ್ಕನಿಗೆ,

ಬಾಟಲಿಗೆ ಯಾಕೆ ದೀಪ ಹಿಡಿಯಬಾರದು ಎಂದು ಕೇಳಿದ್ದೀಯ. ಈ ಪಾಲಿಮರ್ ಹೊಳೆದಷ್ಟೂ ಸವೆಯುತ್ತದೆ. ಚೆನ್ನಾಗಿದೆಯೇ ಎಂದು ನೋಡಲು ಹೋದರೆ ನೋಡಿದ್ದರಿಂದಲೇ ಅಷ್ಟು ಕೆಡುತ್ತದೆ. ಆದ್ದರಿಂದ ತುಂಬಿಸಿದ ಗಳಿಗೆಯಿಂದ ಹಚ್ಚುವವರೆಗೆ ಬಾಟಲಿಗೆ ಬೆಳಕು ಸೋಕಬಾರದು. ಆ ಪುಸ್ತಕದ ಆ ಪುಟವನ್ನು ಬರೆದವಳು ನಾನೇ.

ಡಾಕ್ಟರಿಂದ ನಮ್ಮ ಲ್ಯಾಬಿಗೆ ಪತ್ರ ಬಂದಿತ್ತು. ಏಳನೇ ತಯಾರಿಯಲ್ಲಿ ಏನಾದರೂ ದೋಷ ಕಂಡಿದೆಯೇ ಎಂದು. ದಾಖಲೆ ತೆಗೆದು ನೋಡಿದೆ. ಹದಿನಾಲ್ಕನೇ ಬಾಟಲಿಯ ಎದುರು ಯಾವ ದೋಷವೂ ಬರೆದಿಲ್ಲ. ಹಾಗೆಂದೇ ಉತ್ತರ ಕಳಿಸಿದ್ದೇನೆ.

ಈಗ ನಾನು ಕೇಳುವುದಕ್ಕೆ ಸಿಟ್ಟಾಗದೆ ಉತ್ತರಿಸು. ನೀನು ಪರದೆ ಸರಿಸಿದ್ದೆಯಾ? ಹಗಲೆಲ್ಲ ಜನರ ನಡುವೆ ಇದ್ದವಳಿಗೆ ಕತ್ತಲ ಕೋಣೆ ಕಷ್ಟ ಎಂದು ನನಗೆ ಅರ್ಥವಾಗುತ್ತದೆ. ಒಂದು ಸಲ ಹೊರಗೆ ನೋಡಬೇಕೆನಿಸುವುದು ಸಹಜ. ಹಾಗೆ ಮಾಡಿದ್ದರೆ ಅದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಯೋಗವಿಲ್ಲ. ಚಿಕಿತ್ಸೆಯ ದೃಷ್ಟಿಯಿಂದ ನಿಜ ಗೊತ್ತಾಗುವುದು ಮುಖ್ಯ.

ತಂಗಿ


ಜೂನ್ 22

ತಂಗೀ,

ಹತ್ತೊಂಬತ್ತನೇ ತಾರೀಖು ಮೂರನೇ ಸಲ ಹಚ್ಚಿದರು. ಬಾಟಲಿ ಮುಗಿಯಿತು. ಮಂಕೇ.

ನಿನ್ನ ಕಾಗದ ನಿನ್ನೆ ಕೈಸೇರಿತು. ಎರಡು ಸಲ ಓದಿದೆ. ಆಮೇಲೆ ಸಿಸ್ಟರಿಗೆ ಹೇಳಿ ಡಾಕ್ಟರನ್ನು ಕರೆಸಿ ಸ್ಲೇಟಿನಲ್ಲಿ ಬರೆದುಕೊಟ್ಟೆ: ಹೌದು, ಮೂರು ವಾರವೂ ಔಷಧ ಹಚ್ಚಿಕೊಂಡು ಪರದೆ ಸರಿಸಿ ಕಿಟಕಿಯಲ್ಲಿ ಕೂತಿದ್ದೆ. ಅವರು ಸ್ಲೇಟನ್ನು ಸಿಸ್ಟರ ಕೈಗೆ ಕೊಟ್ಟರು. ಅವಳು ಓದಿ, “ನಾನು ಹೇಳಿರ್ಲಿಲ್ವಾ ಸರ್?” ಅಂದಳು. ಅವಳಿಗಾದ ನೆಮ್ಮದಿ ನೋಡಬೇಕಿತ್ತು. ಗೂಬೆಯೊಬ್ಬನೇ ತಲೆ ಆಡಿಸುತ್ತ, “ಕ್ಲಿಪ್ಪು ಹಾಕಿದ ಹಾಗೇ ಇತ್ತಲ್ಲ,” ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಕಾಗದ ತಂದರು. ರೋಗಿ ನಿಯಮ ಮುರಿದದ್ದರಿಂದ ಈ ಹೊಸ ಔಷಧದ ಪರೀಕ್ಷೆಯಿಂದ ಕೈಬಿಡಲಾಗಿದೆ ಅಂತ. ಸಹಿ ಹಾಕಿದೆ. ಜುಲೈ ಒಂದಕ್ಕೆ ಆಪರೇಷನ್.

ನಿನ್ನ ಭಾವನಿಗೆ ಈ ವಿಷಯ ಹೇಳಬೇಡ. ಹಟ ಮಾಡಿ ಕಿಟಕಿ ತೆಗೆದೆ ಅಂತ ಬಯ್ಯುತ್ತಾರೆ. ತಿರುಗಿ ಬಯ್ಯಲಾಗದಿದ್ದಾಗ ಬೈಸಿಕೊಳ್ಳುವುದು ಕಷ್ಟ. ಕ್ಲಾಸಿನ ಹುಡುಗಿಯರಿಗೆ ಕತ್ತರಿಸುವ ಪಾಠ ಬಾಕಿಯಿದೆ. ಅಳತೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಲು ಶುರು ಮಾಡಿದ್ದೇನೆ. ಬರೆಯಲು ಹೋದರೆ ಅರ್ಧ ಗೊತ್ತಿಲ್ಲ. ಬಾಯಿಗೆ ಬಂದದ್ದು ಕೈಗೆ ಬರುವುದಿಲ್ಲ.

ನಿನ್ನ ಫೋಟೋ ವಾಪಸು ಕಳಿಸುತ್ತಿದ್ದೇನೆ. ಇಲ್ಲಿ ತೇವಕ್ಕೆ ಹಾಳಾಗುತ್ತೆ. ನಿನ್ನ ಬಳಿಯೇ ಇರಲಿ.

ಅಕ್ಕ


ಜೂನ್ 25

ಅಕ್ಕಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಲ್ಯಾಬಿನ ವಿಳಾಸಕ್ಕೆ ಬಂತು. ಒಡೆದು ಮೊದಲು ನನಗಾದದ್ದು ಏನೆಂದು ಬರೆಯುತ್ತೇನೆ, ಏಕೆಂದರೆ ಅದನ್ನು ಬಿಟ್ಟರೆ ಉಳಿದದ್ದಕ್ಕೆ ಬೆಲೆಯಿಲ್ಲ. ನನಗೆ ಹಗುರವಾಯಿತು. ಪರದೆ ಸರಿಸಿದ್ದಾಳೆ, ಸದ್ಯ, ಎಂದುಕೊಂಡೆ. ನಿನ್ನ ನಾಲಿಗೆಯ ಮೂರರಲ್ಲಿ ಒಂದು ಪಾಲು ಹೋಗುವ ಸುದ್ದಿ ಅದೇ ಪುಟದಲ್ಲಿತ್ತು. ಅದನ್ನು ನಾನು ಓದಿದ್ದು ಎರಡನೆಯದಾಗಿ.

ಆ ಹಗುರ ಬಹಳ ಹೊತ್ತು ಇರಲಿಲ್ಲ. ನಿನ್ನ ಮೊದಲ ಪತ್ರ ಮೇಜಿನ ಡ್ರಾಯರಿನಲ್ಲೇ ಇತ್ತು. ಹತ್ತಿ ತುರುಕಿದ್ದರು, ನಾಲ್ಕು ಗಂಟೆ ತುಟಿ ಬಿಚ್ಚಲಿಲ್ಲ ಎಂದು ಬರೆದಿದ್ದೆ. ಮುಚ್ಚಿದ ಬಾಯೊಳಗಿನ ನಾಲಿಗೆಗೆ ಕಿಟಕಿಯ ಬೆಳಕು ಹೇಗೆ ಬರಬೇಕು? ಆ ಪರದೆಯ ನಿಯಮ ತುಟಿ ಮತ್ತು ಚರ್ಮ ಸುಡದಿರಲಿ ಎಂದು ಇಟ್ಟದ್ದು. ನೀನು ಪರದೆ ತೆಗೆದಿದ್ದರೂ, ಇಡೀ ದಿನ ಬಿಸಿಲಲ್ಲಿ ಕೂತಿದ್ದರೂ, ಚಿತ್ರ ಮಂಕಾಗುತ್ತಿರಲಿಲ್ಲ. ಡಾಕ್ಟರಿಗೆ ಇದು ಹೊಳೆಯದಿರಬಹುದು, ಅವರು ಪುಸ್ತಕವನ್ನು ನಂಬಿದ್ದಾರೆ. ನನಗೆ ಗೊತ್ತಿತ್ತು. ಹದಿನೆಂಟರಂದು ನಿನ್ನನ್ನು ಆ ಪ್ರಶ್ನೆ ಕೇಳುವಾಗಲೂ ಗೊತ್ತಿತ್ತು.

ಆಮೇಲೆ ಫೋಟೋ ತೆಗೆದೆ. ಮೇಜಿನ ಮೇಲಿಟ್ಟಾಗ ಏನೂ ಕಾಣಲಿಲ್ಲ. ಕಿಟಕಿಯ ಕಡೆಗೆ ಎತ್ತಿ ಹಿಡಿದಾಗ ನನ್ನ ಮುಷ್ಟಿಯ ಕೆಳಗೆ ಬೆಳಕಿನ ಎರಡು ಚುಕ್ಕೆಗಳಿದ್ದವು. ಸೂಜಿಯ ತೂತುಗಳು. ಕತ್ತರಿಸುವ ಮುಂಚೆ ಬಟ್ಟೆಯ ಮೇಲೆ ಗುರುತು ಹಾಕುತ್ತೀಯಲ್ಲ, ಹಾಗೆ ಚೀಟಿಯ ಆ ಕಡೆಗೊಂದು, ಈ ಕಡೆಗೊಂದು. ಅವೆರಡರ ನಡುವೆ ನನ್ನದೇ ಕೈಬರಹದಲ್ಲಿ 7–14.

ಆ ಮಂದ ಬಲ್ಬಿನಲ್ಲಿ ಅದನ್ನು ನೀನು ಯಾವಾಗ ಓದಿದೆ? ನನ್ನ ಹದಿನೆಂಟರ ಪತ್ರದ ಮುಂಚೆಯೋ ಆಮೇಲೋ? ನನ್ನ ಪ್ರಶ್ನೆಗಳ ಬಗ್ಗೆ ನೀನು ಹೇಳಿದ್ದು ನಿಜ. ಆದರೆ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಡೆದದ್ದು ಇಷ್ಟು. ನಮ್ಮಲ್ಲಿ ‘ತೋರಿಸುವ ಬಾಟಲಿ’ ಎಂದು ಒಂದು ಇರುತ್ತದೆ. ಬಂದವರಿಗೆಲ್ಲ ದೀಪ ಹಿಡಿದು ತೋರಿಸಲು ಅದೊಂದನ್ನೇ ಬಳಸಬೇಕು. ಅದು ರೋಗಿಗಳಿಗೆ ಹೋಗುವುದಿಲ್ಲ. ಮಾರ್ಚಿನಲ್ಲಿ ಅತಿಥಿಗಳು ಬಂದ ದಿನ ಅದನ್ನು ಹೊರತೆಗೆದರೆ, ವರ್ಷವಿಡೀ ತೋರಿಸಿ ತೋರಿಸಿ ಸವೆದುಹೋಗಿತ್ತು. ಒಲೆ ಆರಿದ ಮೇಲಿನ ಕೆಂಡದಷ್ಟೂ ಇರಲಿಲ್ಲ. ಹನ್ನೆರಡು ಜನ ಕಾಯುತ್ತ ನಿಂತಿದ್ದರು. ನಾನು ಕತ್ತಲ ಕೋಣೆಗೆ ಹೋಗಿ, ಆಗಷ್ಟೇ ತುಂಬಿಸಿಟ್ಟಿದ್ದ ಪೆಟ್ಟಿಗೆಯಿಂದ ಒಂದು ಬಾಟಲಿ ತಂದು, ಅದರ ಬೆಳ್ಳಿಹಾಳೆ ಬಿಚ್ಚಿದೆ. ಒಂದೇ ನಿಮಿಷ ಎಂದುಕೊಂಡಿದ್ದೆ. ದೀಪ ಹಿಡಿದಾಗ ಆ ಕೆಂಪು ಅವರ ಮುಖಗಳ ಮೇಲೆಲ್ಲ ಬಿತ್ತು. ಹದಿಮೂರು ವರ್ಷ ಯಾರೂ ನೋಡದ ಕೆಲಸ ಮಾಡಿದವಳಿಗೆ ಅದು ಏನು ಎಂದು ನಿನಗೆ ಹೇಗೆ ಹೇಳಲಿ? ಫೋಟೋ ತೆಗೆಯುವವರು ಇನ್ನೊಮ್ಮೆ ಎಂದರು, ಇನ್ನೊಮ್ಮೆ ಹಿಡಿದೆ. ಇಪ್ಪತ್ತು ನಿಮಿಷವಾಯಿತು.

ಅವರು ಹೋದ ಮೇಲೆ ಅದನ್ನು ಚೆಲ್ಲಬೇಕಿತ್ತು. ಚೆಲ್ಲಿದರೆ ಯಾಕೆಂದು ದಾಖಲೆಯಲ್ಲಿ ಬರೆಯಬೇಕು, ಬರೆದರೆ ನಾನೇ ಮಾಡಿದ ನಿಯಮವನ್ನು ನಾನೇ ಮುರಿದೆ ಎಂದಾಗುತ್ತದೆ. ಮತ್ತೆ ಬೆಳ್ಳಿಹಾಳೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟೆ. ಅದು ಯಾರಿಗೋ ಹೋಗುತ್ತದೆ ಎಂದು ಗೊತ್ತಿತ್ತು. ಯಾರಿಗೋ ಎಂಬ ಪದ ಎಷ್ಟು ಅನುಕೂಲದ್ದು ನೋಡು. ಆ ಪೆಟ್ಟಿಗೆ ನಿನ್ನ ಆಸ್ಪತ್ರೆಗೆ ಹೋಗಿದೆ ಎಂದು ತಿಳಿದಾಗಲೂ, ಮೂವತ್ತು ಬಾಟಲಿಗಳಲ್ಲಿ ಒಂದು, ನಿನಗೇ ಬರುತ್ತದೆಯೇ ಎಂದು ಸಮಾಧಾನ ಹೇಳಿಕೊಂಡೆ. ನೀನು ಸಂಖ್ಯೆ ಬರೆದ ದಿನ ಆ ಸಮಾಧಾನವೂ ಹೋಯಿತು. ಆಮೇಲೂ ನಾನು ದಾಖಲೆಯಲ್ಲಿ ‘ದೋಷ ಬರೆದಿಲ್ಲ’ ಎಂದು ಡಾಕ್ಟರಿಗೆ ಉತ್ತರಿಸಿದೆ. ಆ ವಾಕ್ಯದಲ್ಲಿ ಒಂದು ಸುಳ್ಳೂ ಇಲ್ಲ. ಅದನ್ನು ಕಟ್ಟಲು ನನಗೆ ಅರ್ಧ ಗಂಟೆ ಬೇಕಾಯಿತು.

ನಾನು ನಿನ್ನ ತಂಗಿ ಎಂದು ಹೇಳಬೇಡ ಎಂದದ್ದು ನಿನ್ನ ಒಳ್ಳೆಯದಕ್ಕಲ್ಲ ಎಂದೂ ಈಗ ಅನಿಸುತ್ತದೆ. ಆಗ ಹಾಗೆ ಅನಿಸಿರಲಿಲ್ಲ, ಅಥವಾ ನಾನು ಅನಿಸಲು ಬಿಟ್ಟಿರಲಿಲ್ಲ.

ಮಧ್ಯಾಹ್ನ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಜುಲೈ ಒಂದರ ಆಪರೇಷನ್ ನಿಲ್ಲಿಸಿದ್ದಾರೆ. ನೀನು ಸಹಿ ಹಾಕಿದ ಕಾಗದವನ್ನು ರದ್ದು ಮಾಡಿ ಮತ್ತೆ ಪಟ್ಟಿಗೆ ಸೇರಿಸುತ್ತಾರೆ. ಎಂಟನೇ ತಯಾರಿಯ ಬಾಟಲಿ ಇವತ್ತೇ ಹೊರಟಿದೆ. ಅದನ್ನು ತುಂಬಿಸಿದವರು ನನ್ನ ಸಹೋದ್ಯೋಗಿ, ನಾನು ಮುಟ್ಟಿಲ್ಲ. ಅದು ಹೊಳೆಯುತ್ತದೆ ಎಂದು ನಂಬಿದ್ದೇನೆ. ಗೆರೆ ಕಂಡ ಮೇಲೆ ಬೆಳಕಿನಿಂದಲೇ ಪೂರ್ತಿ ವಾಸಿಯಾಗುತ್ತದೆಯೇ ಎಂದರೆ, ಮೂರು ವಾರ ಕಳೆದಿದೆ, ಖಾತ್ರಿ ಕೊಡಲಾರೆ. ಈ ಸಲ ಕೊಡುವುದೂ ಇಲ್ಲ.

ಕೊನೆಗೆ ಡಾಕ್ಟರು ಹೇಳಿದರು, “ಮೇಡಂ, ಇದನ್ನ ಪೇಷಂಟಿಗೆ ಹೇಳೋದು ಬೇಡ. ಬಾಟಲಿ ಬದಲಾಯ್ತು ಅಂದ್ರೆ ಸಾಕು. ಆಯಮ್ಮ ಹೇಗೂ ತಾನೇ ತಪ್ಪು ಮಾಡ್ದೆ ಅಂತ ಬರ್ಕೊಟ್ಟಿದ್ದಾರೆ.”

ಎಷ್ಟು ಸುಲಭವಾಗಿತ್ತು ಅಕ್ಕಾ. ಹೂಂ ಅಂದರೆ ಮುಗಿಯುತ್ತಿತ್ತು. ನೀನೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಆ ರೇಡಿಯೋದ ಹಾಗೆ.

“ಆಯಮ್ಮ ನನ್ನಕ್ಕ,” ಅಂದೆ. “ನಾನೇ ಹೇಳ್ತೀನಿ.”

ನಾಳೆ ಹತ್ತು ಗಂಟೆಗೆ ನಿರ್ದೇಶಕರನ್ನು ನೋಡಬೇಕು. ಅವರು ಒಳ್ಳೆಯವರು. ಒಳ್ಳೆಯವರ ಎದುರು ಕೂತರೆ ಮಾತು ಮೆತ್ತಗಾಗುತ್ತದೆ, ಇಪ್ಪತ್ತು ನಿಮಿಷ ಐದು ನಿಮಿಷವಾಗುತ್ತದೆ. ನನ್ನನ್ನು ನಾನು ಅಷ್ಟು ಬಲ್ಲೆ. ಆದ್ದರಿಂದ ಅವರ ಕೋಣೆಗೆ ಹೋಗುವ ಮುಂಚೆಯೇ ಈ ಪತ್ರ ಡಬ್ಬಿಯೊಳಗೆ ಬಿದ್ದಿರಬೇಕು.

ನೀನು ನಿಜವಾಗಿ ಪರದೆ ಸರಿಸಿದ್ದೆಯೋ ಇಲ್ಲವೋ ಎಂದು ಇನ್ನು ಕೇಳುವುದಿಲ್ಲ. ಬಯ್ಯುವುದಿದ್ದರೆ ಸ್ಲೇಟಿನಲ್ಲಿ ಬೇಡ. ಕಾಯುತ್ತೇನೆ, ಬಾಯಲ್ಲೇ ಬಯ್ಯಿ.

ಫೋಟೋ ನನ್ನ ಮೇಜಿನ ಎದುರಿನ ಕಿಟಕಿಗೆ ಅಂಟಿಸಿದ್ದೇನೆ. ಎರಡು ಚುಕ್ಕೆಗಳೂ ಕಾಣುತ್ತವೆ.

ನಿನ್ನ ತಂಗಿ

ಅಂಚೆಗೆ ಹಾಕುವುದು: ಜೂನ್ 26, ಬೆಳಿಗ್ಗೆ ಒಂಬತ್ತಕ್ಕೆ.